ಬಿದ್ದ ಕೊನೆ ಬುಡದಲ್ಲೇ ಬೀಳುವುದಿಲ್ಲ



ಅಡಿಕೆ ಕೊಯ್ಲಿರಲಿ, ಕಾಫಿ ತೋಟದ ಮರಗಸಿಯಿರಲಿ, ಮೇಲಿನಿಂದ ಭಾರವಾದದ್ದು ಬೀಳುವಾಗ ಕೆಳಗೊಬ್ಬರು ಇದ್ದೇ ಇರುತ್ತಾರೆ. ಅವರು ಎಲ್ಲಿ ನಿಲ್ಲಬೇಕು, ಎಷ್ಟು ಮುಂಚೆ ಎಚ್ಚರಿಸಬೇಕು ಎಂಬುದಕ್ಕೆ ವಿಜ್ಞಾನದಲ್ಲಿ ಸರಳವಾದ ಲೆಕ್ಕವಿದೆ. ಈ ಪಾಠದಲ್ಲಿ ಅದನ್ನು ನೋಡೋಣ.

ಕೈಬಿಟ್ಟ ವಸ್ತುವನ್ನು ಭೂಮಿ ತನ್ನತ್ತ ಸೆಳೆಯುತ್ತದೆ. ಇದರಿಂದ ಅದರ ವೇಗ ಪ್ರತಿ ಸೆಕೆಂಡಿಗೆ ಸುಮಾರು 32 ಅಡಿಯಷ್ಟು ಹೆಚ್ಚುತ್ತಾ ಹೋಗುತ್ತದೆ. ಮೊದಲ ಅರ್ಧ ಸೆಕೆಂಡಿನಲ್ಲಿ ಅದು ಇಳಿಯುವುದು ಕೇವಲ 4 ಅಡಿ. ಮುಂದಿನ ಅರ್ಧದಲ್ಲಿ 12, ಅದರಾಚೆಗೆ 20, ಮತ್ತೆ 28 ಅಡಿ. ಎಂದರೆ ಒಂದು ಸೆಕೆಂಡಿಗೆ 16 ಅಡಿ, ಒಂದೂವರೆ ಸೆಕೆಂಡಿಗೆ 36 ಅಡಿ, ಎರಡು ಸೆಕೆಂಡಿಗೆ 64 ಅಡಿ. 36 ಅಡಿ ಎತ್ತರದಿಂದ ಬಿದ್ದ ಕೊನೆ ನೆಲ ಮುಟ್ಟುವಾಗ ಗಂಟೆಗೆ ಸುಮಾರು 52 ಕಿಲೋಮೀಟರ್ ವೇಗದಲ್ಲಿರುತ್ತದೆ.

ಒಂದು ಗೋಟು ಅಡಿಕೆ ನಿಧಾನ, ತುಂಬಿದ ಕೊನೆ ಬೇಗ ಎಂದು ಕೆಲವರು ತಿಳಿದಿರುತ್ತಾರೆ. ಹಾಗಿಲ್ಲ. ಎರಡೂ ಹೆಚ್ಚುಕಡಿಮೆ ಒಟ್ಟಿಗೇ ನೆಲ ಸೇರುತ್ತವೆ. ಭಾರ ಹೆಚ್ಚಿದಂತೆ ಹೆಚ್ಚುವುದು ಹೊಡೆತ ಮಾತ್ರ. ಹಾಳೆ, ಸೋಗೆಗಳ ಮಾತು ಬೇರೆ. ಅಗಲವಾಗಿರುವುದರಿಂದ ಗಾಳಿ ಅವುಗಳನ್ನು ತಡೆಯುತ್ತದೆ, ಅತ್ತಿತ್ತ ಒಯ್ಯುತ್ತದೆ. ಅವುಗಳಿಗೆ ಈ ಲೆಕ್ಕ ಹೊಂದುವುದಿಲ್ಲ.

ಇನ್ನು ಮುಖ್ಯ ವಿಷಯ. ಕೊನೆ ಕೈಬಿಡುವಾಗ ಮರ ತೂಗುತ್ತಿದ್ದರೆ ಅಥವಾ ಕೊಯ್ಯುವವನು ಅದನ್ನು ಪಕ್ಕಕ್ಕೆ ತಳ್ಳಿದರೆ, ಆ ಅಡ್ಡವೇಗವೂ ಕೊನೆಯ ಜೊತೆಗೇ ಇಳಿಯುತ್ತದೆ. ಇಳಿಯುವ ಚಲನೆ ಬೇರೆ, ಅಡ್ಡ ಚಲನೆ ಬೇರೆ. ಒಂದು ಇನ್ನೊಂದನ್ನು ಕೆಡಿಸುವುದಿಲ್ಲ. ಇವೆರಡೂ ಸೇರಿದ ಬಾಗಿದ ದಾರಿ ಪರವಲಯವೆಂದು ಇಟಲಿಯ ಗೆಲಿಲಿಯೋ 1638ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ತೋರಿಸಿಕೊಟ್ಟ.

ಲೆಕ್ಕ ಹಾಕಿ ನೋಡೋಣ. ಅಡ್ಡವೇಗ ಸೆಕೆಂಡಿಗೆ 6 ಅಡಿ, ಅಂದರೆ ಬಿರುಸಾಗಿ ನಡೆಯುವಷ್ಟು ಎಂದಿಟ್ಟುಕೊಳ್ಳಿ. 36 ಅಡಿಯ ಮರದಿಂದ ಕೊನೆ ಬೀಳಲು ಒಂದೂವರೆ ಸೆಕೆಂಡು ಬೇಕು; ಅಷ್ಟರಲ್ಲಿ ಅದು ಬುಡದಿಂದ 9 ಅಡಿ ದೂರ ಹೋಗಿರುತ್ತದೆ. 64 ಅಡಿಯ ಮರವಾದರೆ 12 ಅಡಿ. ಇಳಿಜಾರಿನ ಕೆಳಮಗ್ಗುಲಿಗೆ ಬಿದ್ದರೆ ಇನ್ನೂ ದೂರ, ಮೇಲೆ ಉರುಳುವುದು ಬೇರೆ. ಆದ್ದರಿಂದ "ಬುಡದಿಂದ ನಾಲ್ಕು ಹೆಜ್ಜೆ ಸರಿದರೆ ಸಾಕು" ಎಂಬ ಮಾತನ್ನು ನಂಬಬಾರದು.

ಈ ಲೆಕ್ಕದಿಂದ ನಾವು ಕಲಿಯಬೇಕಾದದ್ದು ಇಷ್ಟು:

1. ಕೊನೆಯನ್ನು ಎಸೆಯುವುದಕ್ಕಿಂತ ಹಗ್ಗದಲ್ಲಿ ಇಳಿಸುವುದೇ ಮೇಲು. ಹಗ್ಗ ಹಿಡಿದವನು ಮರದಿಂದ ದೂರ ನಿಲ್ಲಲಿ.

2. ದೋಟಿಯಲ್ಲಿ ಕೊಯ್ಯುವವನು ಕೊನೆಯ ನೇರ ಕೆಳಗೆ ನಿಲ್ಲದೆ ದೋಟಿಯನ್ನು ಓರೆಯಾಗಿ ಹಿಡಿಯಲಿ. ತಲೆಗೆ ಹೆಲ್ಮೆಟ್ ಇರಲಿ.

3. ಬಲೆ ಹಿಡಿಯುವುದಾದರೆ ಬಿಗಿಯಾಗಿ ಎಳೆದು ಹಿಡಿಯಬಾರದು. ಬಲೆ ತಗ್ಗಿದಷ್ಟೂ ಕೊನೆ ನಿಧಾನವಾಗಿ ನಿಲ್ಲುತ್ತದೆ, ಹೊಡೆತ ಕಡಿಮೆಯಾಗುತ್ತದೆ, ಅಡಿಕೆ ಚೆದುರುವುದೂ ತಪ್ಪುತ್ತದೆ.

4. ಇಳಿಜಾರಿನ ತೋಟದಲ್ಲಿ ಹೆಕ್ಕುವವರು ಮೇಲ್ಮಗ್ಗುಲಿನಲ್ಲಿರಲಿ.

ಕಡೆಯದಾಗಿ ಒಂದು ಮಾತು. ಕತ್ತಿ ಬಿದ್ದ ಮೇಲೆ ಕೂಗಿದರೆ ಕೆಳಗಿದ್ದವನಿಗೆ ಸಿಗುವುದು ಒಂದೂವರೆ ಸೆಕೆಂಡು. ಅಷ್ಟರಲ್ಲಿ ಅವನು ಕೂಗು ಕೇಳಿ, ತಲೆಯೆತ್ತಿ ನೋಡಿ, ಯಾವ ಕಡೆ ಓಡಬೇಕೆಂದು ತಿಳಿಯಬೇಕು. ಅದು ಆಗದ ಕೆಲಸ. ಮೊದಲು ಕೂಗು, ಕೆಳಗಿನವರು ಓಗೊಟ್ಟ ಮೇಲೆ ಕತ್ತಿ. ಈ ಕ್ರಮವನ್ನು ನಮ್ಮ ಪ್ರತಿಯೊಂದು ತೋಟದಲ್ಲೂ ಈ ಕೊಯ್ಲಿನಿಂದಲೇ ರೂಢಿಗೆ ತರೋಣ.