ನಾಟಿ ಕೋಳಿಯೋ, ಹ್ಯಾಚರಿ ಮರಿಯೋ?



ಮಲೆನಾಡಿನ ನಾವು ನಾಟಿ ಕೋಳಿ ಎನ್ನುವುದನ್ನು ಕೃಷ್ಣಾ ತೀರದ ಕೊಲ್ಹಾರ, ಬಸವನ ಬಾಗೇವಾಡಿ ಕಡೆಯವರು ಜವಾರಿ ಕೋಳಿ ಎನ್ನುತ್ತಾರೆ. ಹೆಸರು ಎರಡಾದರೂ ಕೊಳ್ಳುವವರು ಮೋಸಹೋಗುವ ರೀತಿ ಒಂದೇ. ಬಣ್ಣದ ಗರಿಯ ಹ್ಯಾಚರಿ ಮರಿಯನ್ನು ಊರ ಕೋಳಿಯೆಂದು ನಂಬಿ ಹೆಚ್ಚಿನ ಬೆಲೆ ಕೊಡುತ್ತೇವೆ.

ಹ್ಯಾಚರಿ ತಳಿ ಕೆಟ್ಟದ್ದೆಂದು ನಮ್ಮ ಅಭಿಪ್ರಾಯವಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ, ಸ್ವರ್ಣಧಾರ ಕೋಳಿಗಳು ಹಿತ್ತಲ ಸಾಕಣೆಗೆಂದೇ ಬಂದವು. ಬೇಗ ತೂಕ ಬರುತ್ತವೆ, ವರ್ಷಕ್ಕೆ ನೂರಕ್ಕೂ ಮಿಕ್ಕಿ ಮೊಟ್ಟೆ ಇಡುತ್ತವೆ. ನಾಟಿ ಕೋಳಿ ಇಡುವುದು ಸುಮಾರು 50-60. ಆದರೆ ಗಿರಿರಾಜ ಸಾಮಾನ್ಯವಾಗಿ ಕಾವಿಗೆ ಕೂರುವುದಿಲ್ಲ. ಮಿಶ್ರತಳಿಯಾದ್ದರಿಂದ ಅದರ ಗುಣ ಮರಿಗಳಲ್ಲಿ ಒಂದೇ ಸಮನಾಗಿ ಉಳಿಯುವುದೂ ಇಲ್ಲ. ಪ್ರತಿಸಲವೂ ಹೊಸ ಮರಿ ಕೊಳ್ಳಬೇಕು. ಗೂಡು ತಾನಾಗಿಯೇ ತುಂಬಲಿ ಎನ್ನುವವರಿಗೆ ಈ ವ್ಯತ್ಯಾಸವೇ ಮುಖ್ಯ.

ಕೊಳ್ಳುವಾಗ ಗಮನಿಸಬೇಕಾದ ಗುರುತುಗಳು:

1. ಕೊಕ್ಕು: ತುದಿ ಕತ್ತರಿಸಿದ್ದರೆ ಅದು ಫಾರಂ ಕೋಳಿ. ಮೊಟ್ಟೆಯ ಅವಧಿ ಮುಗಿದ ಫಾರಂ ಕೋಳಿಗಳೂ ಸಂತೆಗೆ ಬರುವುದುಂಟು.

2. ಮೈಕಟ್ಟು: ನಾಟಿ ಹೇಂಟೆ ಹಗುರ, ಚುರುಕು; ಸಂಜೆ ಮರವೇರುತ್ತದೆ. ಅಗಲ ಎದೆ, ದಪ್ಪ ಕಾಲು, ಭಾರದ ನಡಿಗೆ ಕಂಡರೆ ಅನುಮಾನಿಸಬೇಕು.

3. ಗುಂಪು: ನಾಟಿ ಹಿಂಡಿನಲ್ಲಿ ಬಣ್ಣ ಹಲವು, ವಯಸ್ಸು ಹಲವು. ಒಂದೇ ವಯಸ್ಸಿನ, ಒಂದೇ ಗಾತ್ರದ ಐವತ್ತು ಮರಿಗಳು ತಾಯಿಯ ರೆಕ್ಕೆಯಡಿ ಹುಟ್ಟಿದವಲ್ಲ.

4. ಮೊಟ್ಟೆ: ಕಂದು ಬಣ್ಣವನ್ನೇ ನಂಬಬಾರದು. ಕಂದು ಮೊಟ್ಟೆ ಇಡುವ ಫಾರಂ ತಳಿಗಳೂ ಇವೆ.

ಇವೆಲ್ಲಕ್ಕಿಂತ ದೊಡ್ಡ ಪರೀಕ್ಷೆ ಕಾವು. 21 ದಿನ ಕುಳಿತು ಮರಿ ಎಬ್ಬಿಸಿ, ಹದ್ದು ಕಂಡಾಗ ಕೂಗಿ ಕರೆಯುವ ತಾಯಿಕೋಳಿ ಇರುವ ಮನೆಯಿಂದಲೇ ಮರಿ ತರುವುದು ಕ್ಷೇಮ.

ನಾಟಿ ಎಂಬುದು ಒಂದು ತಳಿಯ ಹೆಸರಲ್ಲ ಎಂಬುದೂ ನೆನಪಿರಲಿ. ಅಸೀಲ್, ಕಡಕ್‌ನಾಥ್, ನಮ್ಮ ರಾಜ್ಯದಲ್ಲೂ ಇರುವ ಘಾಗಸ್ ಇವು ಗುರುತಿಸಲ್ಪಟ್ಟ ದೇಸಿ ತಳಿಗಳು. ಊರ ಕೋಳಿಗೆ ಅಂತಹ ದಾಖಲೆಯಿಲ್ಲ. ಅದನ್ನು ಕಾಯಬೇಕಾದವರು ಸಾಕುವ ನಾವೇ. ಎರಡನ್ನೂ ಸಾಕುವವರು ಹುಂಜಗಳನ್ನು ಬೇರೆ ಬೇರೆ ಇಡಲಿ. ಒಳ್ಳೆಯ ನಾಟಿ ಹುಂಜವನ್ನು ನೆರೆಯವರೊಡನೆ ಆಗಾಗ ಅದಲುಬದಲು ಮಾಡಿಕೊಳ್ಳಲಿ. ಒಮ್ಮೆ ಬೆರೆತ ರಕ್ತವನ್ನು ಮತ್ತೆ ಬೇರ್ಪಡಿಸುವುದು ಸುಲಭವಲ್ಲ.