ಮಂಚಕ್ಕೂ ಬಾಡಿಗೆ ಇದೆ

ಬೆಂಗಳೂರಿನ ಬನಶಂಕರಿ, ಬಿಟಿಎಂ ಲೇಔಟ್, ಜಯನಗರದ ಒಳ ಕ್ರಾಸುಗಳಲ್ಲಿ 20×30 ಸೈಟಿನ ಮೇಲೆ ಮೂರು ನಾಲ್ಕು ಮಹಡಿ ಎದ್ದ ಬಾಡಿಗೆ ಮನೆಗಳಿಗೆ ಲೆಕ್ಕವಿಲ್ಲ. ಅಂಥ ಮನೆಯಲ್ಲಿ ಬೆಡ್‌ರೂಮು ಹತ್ತಡಿಗೆ ಹತ್ತಡಿ ಸಿಕ್ಕರೆ ಪುಣ್ಯ. ಷೋರೂಮಿನವರು ಮಾತ್ರ ಮಂಚಗಳನ್ನು ಮದುವೆ ಛತ್ರದಂಥ ಹಾಲಿನಲ್ಲಿ ನಿಲ್ಲಿಸಿರುತ್ತಾರೆ. ಅಲ್ಲಿ ಮಖಮಲ್ಲು ಹೊದ್ದ ಕಿಂಗ್ ಸೈಜ್ ಮಂಚವೂ ಪುಟ್ಟದಾಗಿ, ಮುದ್ದಾಗಿ ಕಾಣುತ್ತದೆ. ಮನೆಗೆ ತಂದ ಮೇಲೆ ಬೀರುವಿನ ಬಾಗಿಲು ಅರ್ಧಕ್ಕೇ ನಿಲ್ಲುತ್ತದೆ.

ಬನಶಂಕರಿ ಎರಡನೇ ಹಂತದ ಬಾಡಿಗೆ ಮನೆಗೆ ಕುಶನ್ ಮಂಚ ಕೊಳ್ಳಬೇಕೆಂದಾಗ ಈ ಅಂಕಣಕಾರ್ತಿ ಟೇಪು ಹಿಡಿದೇ ಜೆ.ಪಿ. ನಗರದ ಅಂಗಡಿಗಳನ್ನು ಸುತ್ತಿದಳು. ಕ್ವೀನ್ ಎಂದರೆ 60×78 ಇಂಚು, ಕಿಂಗ್ ಎಂದರೆ 72×78. ಇದು ಹಾಸಿಗೆಯ ಅಳತೆ, ಮಂಚದ್ದಲ್ಲ. ಮೆತ್ತೆ ಹೊದಿಸಿದ ಮಂಚಕ್ಕೆ ಎಡಬಲದಲ್ಲಿ ಮೂರು ಮೂರು ಇಂಚು ಸೇರುತ್ತದೆ; ತಲೆಕಡೆಯ ಹಲಗೆ, ಕಾಲುಕಡೆಯ ಅಂಚು ಸೇರಿ ಉದ್ದದಲ್ಲಿ ಇನ್ನೊಂದು ಎಂಟು ಇಂಚು. ಅವಳು ಅಳೆದ ಕುಶನ್ ಕ್ವೀನ್ ಹೊರಗಿನಿಂದ 66×86 ಇಂಚು ಬಂತು, ಕುಶನ್ ಕಿಂಗ್ 78×86. ಮೆತ್ತೆಯಿಲ್ಲದ ಸಾದಾ ಮರದ ಕ್ವೀನ್ 62×80.

ಈಗ ಇದನ್ನು ಹಣಕ್ಕೆ ತಿರುಗಿಸೋಣ. 600 ಚದರಡಿ ಮನೆಗೆ ತಿಂಗಳಿಗೆ 24,000 ರೂಪಾಯಿ ಬಾಡಿಗೆ ಎಂದಿಟ್ಟುಕೊಳ್ಳಿ, ಚದರಡಿಗೆ 40 ರೂಪಾಯಿ. ಸಾದಾ ಕ್ವೀನ್ ಮಂಚ ಸುಮಾರು 34 ಚದರಡಿ ನೆಲ ಹಿಡಿಯುತ್ತದೆ, ಕುಶನ್ ಕ್ವೀನ್ 39, ಕುಶನ್ ಕಿಂಗ್ ಹೆಚ್ಚುಕಡಿಮೆ 47. ಅಂದರೆ ಬರೀ ಮೆತ್ತೆ ಮಲಗುವುದಕ್ಕೇ ತಿಂಗಳಿಗೆ 200 ರೂಪಾಯಿ ಬಾಡಿಗೆ. ಐದು ವರ್ಷಕ್ಕೆ 12,000. ಸಾದಾ ಕ್ವೀನ್ ಬಿಟ್ಟು ಕುಶನ್ ಕಿಂಗ್‌ಗೆ ಹೋದರೆ ವರ್ಷಕ್ಕೇ ಆರು ಸಾವಿರದ ಹತ್ತಿರ. ಯಾವ ಬೆಲೆಚೀಟಿಯಲ್ಲೂ ಇದು ಇರುವುದಿಲ್ಲ.

ಮಂಚದ ಅಡಿಯಲ್ಲಿ ಪೆಟ್ಟಿಗೆ ಇದ್ದರೆ ಈ ಲೆಕ್ಕ ಬದಲಾಗುತ್ತದೆ, ನಿಜ. ಕಂಬಳಿ, ಸೂಟ್‌ಕೇಸು, ಗೌರಿ ಹಬ್ಬದ ಪಾತ್ರೆ ಎಲ್ಲ ಅಲ್ಲೇ ಹೋದರೆ ಇನ್ನೊಂದು ಬೀರುವಿನ ಖರ್ಚು ಉಳಿಯುತ್ತದೆ. ಆದರೆ ಪಕ್ಕದಿಂದ ಎಳೆಯುವ ಡ್ರಾಯರು ಹತ್ತಡಿ ರೂಮಿಗೆ ಆಗಿಬರುವುದಿಲ್ಲ, ಎಳೆಯಲು ಒಂದೂವರೆ ಅಡಿಯಾದರೂ ಎದುರಿಗೆ ಖಾಲಿ ಬೇಕು. ಮೇಲಕ್ಕೆ ಏಳುವ ಹೈಡ್ರಾಲಿಕ್ ವಾಸಿ. ಅಂಗಡಿಯಲ್ಲಿ ಅದನ್ನು ಒಂದೇ ಬೆರಳಲ್ಲಿ ಎತ್ತಿ ತೋರಿಸುತ್ತಾರೆ, ಮೇಲೆ ಹಾಸಿಗೆ ಇರುವುದಿಲ್ಲ. ಆರು ಇಂಚಿನ ತೆಂಗಿನ ನಾರಿನ ಹಾಸಿಗೆ ಹಾಕಿಸಿ ಎತ್ತಿ ನೋಡಬೇಕು.

ಬೀರುವಿನ ವಿಷಯಕ್ಕೆ ಬಂದರೆ, ಹತ್ತಡಿ ಎಂದರೆ 120 ಇಂಚು. ಬೀರು 24 ಇಂಚು ತೆಗೆದುಕೊಂಡರೆ ಉಳಿದದ್ದು 96. ಗೋಡೆಗೆ ಒತ್ತಿ ಕುಶನ್ ಕಿಂಗ್ ಹಾಕಿದರೆ ಬೀರುವಿಗೂ ಮಂಚಕ್ಕೂ ನಡುವೆ 18 ಇಂಚು, ಅಂದರೆ ಬಾಗಿಲು ತೆರೆದರೆ ಮನುಷ್ಯ ನಿಲ್ಲುವಂತಿಲ್ಲ. ಕುಶನ್ ಕ್ವೀನ್‌ಗೆ 30 ಇಂಚು ಉಳಿಯುತ್ತದೆ. ಕಿಂಗಿನ ಆಸೆ ಅಲ್ಲಿಗೆ ಮುಗಿಯಿತು.

ಇನ್ನು ಬಟ್ಟೆಯ ಒಳಗೇನಿದೆ ಎಂಬುದು. ಮರದ ಮಂಚದಲ್ಲಿ ಮರ ಕಣ್ಣಿಗೆ ಕಾಣುತ್ತದೆ, ಕುಶನ್ ಮಂಚದಲ್ಲಿ ಎಲ್ಲ ಮುಚ್ಚಿಹೋಗಿರುತ್ತದೆ. ‘ಇಂಜಿನಿಯರ್ಡ್ ವುಡ್’ ಎಂಬ ಹೆಸರಿನಲ್ಲಿ ಪಾರ್ಟಿಕಲ್ ಬೋರ್ಡೂ ಬರಬಹುದು, ಎಂಡಿಎಫ್ಫೂ ಬರಬಹುದು, ಪ್ಲೈವುಡ್ಡೂ ಬರಬಹುದು. ತಲೆಕಡೆಯ ಹಲಗೆಯ ಬೆನ್ನಿಗೆ ಪಿನ್ ಹೊಡೆದ ತೆಳ್ಳನೆ ಕಪ್ಪು ಬಟ್ಟೆ ಇರುತ್ತದೆ. ಅದರ ಒಂದು ಮೂಲೆ ಬಿಡಿಸಿ ತೋರಿಸಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ನೀರು ತಡೆಯುವ ಮೆರೈನ್ ಪ್ಲೈವುಡ್ ಆದರೆ ಹಾಳೆಯ ಮೇಲೆ ಐಎಸ್ 710 ಮುದ್ರೆ ಇರುತ್ತದೆ. ಮಂಚಕ್ಕೆ ಅಷ್ಟು ದುಬಾರಿಯದು ಬೇಕಿಲ್ಲ. ಐಎಸ್ 303 ಮುದ್ರೆಯ 18 ಮಿ.ಮೀ. ಪ್ಲೈ ಧಾರಾಳವಾಯಿತು. ಫೋಮು ಕೇಳುವಾಗ ‘32 ಡೆನ್ಸಿಟಿ’ ಎನ್ನಬೇಕು. ಒಂದು ಘನ ಮೀಟರ್ ಫೋಮು 32 ಕಿಲೋ ತೂಗುತ್ತದೆ ಎಂದು ಅದರರ್ಥ. ಅದಕ್ಕಿಂತ ಹಗುರವಾದದ್ದು ಬೆನ್ನು ಒರಗಿದ ಕಡೆ ಬೇಗ ಕುಸಿಯುತ್ತದೆ.

ಅಗ್ಗದ ರೆಕ್ಸಿನ್ ಬಗ್ಗೆ ಅಂಕಣಕಾರ್ತಿಯದು ಕಟುವಾದ ಅಭಿಪ್ರಾಯ. ಮೇಲ್ಪದರ ಪಾಲಿಯುರೆಥೇನ್ ಆಗಿದ್ದರೆ ತೇವಕ್ಕೆ ಸಡಿಲವಾಗಿ ಸಿಪ್ಪೆ ಏಳುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಒದ್ದೆ ಗೋಡೆಗೆ ಒರಗಿ ನಿಂತ ಹಲಗೆಯ ಗತಿ ಕೇಳುವುದೇ ಬೇಡ. ಬಟ್ಟೆಯಾದರೆ ತಿಗಣೆಯ ಭಯ. ಪಿಜಿಗಳೇ ತುಂಬಿರುವ ಬಿಟಿಎಂ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಳೆ ಕುಶನ್ ಮಂಚಕ್ಕೆ ಮಾರುವಾಗ ಬೆಲೆ ಹುಟ್ಟದಿರುವುದಕ್ಕೂ ಇದೇ ಕಾರಣ.

ಹಣ ಕಟ್ಟುವ ಕೌಂಟರಿನಲ್ಲಿ ‘ನೋ ಕಾಸ್ಟ್ ಇಎಂಐ’ ಬೋರ್ಡು ಇದ್ದೇ ಇರುತ್ತದೆ. ಶೂನ್ಯ ಬಡ್ಡಿಯ ಯೋಜನೆಗಳು ಸಲ್ಲವೆಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲೇ ಹೇಳಿದೆ. ಈಗ ನಡೆಯುವುದು ಹೀಗೆ: ಬಡ್ಡಿಯಷ್ಟನ್ನು ಅಂಗಡಿಯವರು ರಿಯಾಯಿತಿಯಾಗಿ ಬಿಡುತ್ತಾರೆ, ಬ್ಯಾಂಕು ಬಡ್ಡಿ ಹಾಕಿಯೇ ಹಾಕುತ್ತದೆ. 36,000 ರೂಪಾಯಿಯ ಮಂಚಕ್ಕೆ ವರ್ಷಕ್ಕೆ ಶೇ 15ರ ಬಡ್ಡಿದರದಲ್ಲಿ 12 ಕಂತು ಹಿಡಿದರೆ ಒಳಗಿನ ಬಡ್ಡಿ ಸುಮಾರು 2,760. ಕ್ರೆಡಿಟ್ ಕಾರ್ಡಿನ ಕಂತಾದರೆ ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ, ಹತ್ತಿರ ಹತ್ತಿರ 500 ರೂಪಾಯಿ, ಗ್ರಾಹಕರ ತಲೆಗೇ. ಸಂಸ್ಕರಣಾ ಶುಲ್ಕ ಬೇರೆ. ನಗದು ಕೊಟ್ಟರೆ ಆ 2,760 ಬಿಡುತ್ತೀರಾ ಎಂದು ಕೇಳಿದರೆ ಕೆಲವರಾದರೂ ಬಿಡುತ್ತಾರೆ.

ಕೊಳ್ಳುವುದೇ ಬೇಡ ಎನ್ನುವವರಿಗೆ ಬಾಡಿಗೆ ಮಂಚವೂ ಸಿಗುತ್ತದೆ. ಪೀಠೋಪಕರಣ ಮಾರುವ ಅರ್ಬನ್ ಲ್ಯಾಡರ್, ಬಾಡಿಗೆಗೆ ಕೊಡುವ ಫರ್ಲೆಂಕೊ ಎರಡೂ 2012ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದವು. ಇನ್ನೊಂದೆರಡು ವರ್ಷದಲ್ಲಿ ಊರು ಬಿಡುವುದು ಖಚಿತವಿದ್ದರೆ ಅದು ಸರಿ. ಐದಾರು ವರ್ಷ ಇಲ್ಲೇ ಇರುವವರಿಗೆ ತಿಂಗಳ ಬಾಡಿಗೆ ಕೂಡಿಸಿ ನೋಡಿದರೆ ಹೊಸ ಮಂಚದ ಬೆಲೆ ದಾಟಬಹುದು.

ಕೊನೆಗೆ ಅವಳು ಹೈಡ್ರಾಲಿಕ್ ಪೆಟ್ಟಿಗೆಯ ಸಾದಾ ಕ್ವೀನ್ ಮಂಚ ಕೊಂಡು, ತಲೆಕಡೆಗೆ ಮಾತ್ರ ಕುಶನ್ ಮಾಡಿಸಲು ಬಿಟಿಎಂನ ಗಲ್ಲಿಯೊಂದರ ಕುಶನ್ ಅಂಗಡಿಗೆ ಹೋದಳು. ಅವಳಿಗೆ ಗೆರೆ ಗೆರೆಯ ಬಟ್ಟೆ ಇಷ್ಟವಾಗಿತ್ತು. ಅಂಗಡಿಯಾತ ಬಟ್ಟೆಯ ತಾನನ್ನು ಹಲಗೆಯ ಮೇಲೆ ಹರಡಿ ತೋರಿಸಿದ. “ಮೇಡಂ, ಬಟ್ಟೆ ಪನ್ನ 54 ಇಂಚು, ನಿಮ್ ಹಲಗೆ 62. ಪ್ಲೇನ್ ಆದ್ರೆ ಅಡ್ಡ ಹಾಕ್ತೀನಿ, ಎರಡು ಮೀಟರ್ ಸಾಕು. ಗೆರೆ ಅಂದ್ರೆ ನಡುವೆ ಹೊಲಿಗೆ ಬರುತ್ತೆ, ಗೆರೆಗೆ ಗೆರೆ ಕೂರಿಸೋಕೆ ಬಟ್ಟೆನೂ ಜಾಸ್ತಿ ಬೇಕು.” ಪ್ಲೇನ್ ಬೂದು ಬಣ್ಣವೇ ಆಯಿತು.

ಕುಶನ್ನನ್ನು ಗೋಡೆಗೆ ತೂಗುಹಾಕಿದರೆ ಎರಡು ಇಂಚು ಉಳಿಯುತ್ತಿತ್ತು. ಗೋಡೆಗೆ ಡ್ರಿಲ್ ಮಾಡಬೇಡಿ ಅಂತ ಮನೆ ಓನರ್ ಅಂಕಲ್ ಅಡ್ಡಿ ಹೇಳಿದ್ದರಿಂದ ಮಂಚದ ಕಾಲಿಗೇ ಬೋಲ್ಟ್ ಹಾಕಿಸಬೇಕಾಯಿತು. ಹೊದಿಕೆಗೆ ವೆಲ್ಕ್ರೊ ಹಾಕಿಸಿದ್ದರಿಂದ ಬಿಚ್ಚಿ ಒಗೆಯಬಹುದು, ಬಿಸಿಲಿಗೂ ಹಾಕಬಹುದು. ನಾಲ್ಕೈದು ವರ್ಷ ಬಿಟ್ಟು ಬಟ್ಟೆ ಬದಲಿಸಬೇಕಾದರೆ ಫೋಮು ಮುಟ್ಟಬೇಕಾಗಿಲ್ಲ, ಎರಡು ಮೀಟರ್ ಬಟ್ಟೆ ತಂದುಕೊಟ್ಟರೆ ಹೊಲಿಗೆ ಕೂಲಿ ಮಾತ್ರ ತಗೋತೀನಿ ಎಂದಿದ್ದಾನೆ ಅಂಗಡಿಯಾತ.