ಗ್ರಾಮಗಳಲ್ಲಿ ನಿಸ್ತಂತು ಅಂತರಜಾಲದ ಸಣ್ಣ ಉದ್ಯಮ

ಹೆದ್ದಾರಿಗೆ ದೂರವಾಗಿಯೂ ಗುಡ್ಡಗಳ ಮರೆಯಲ್ಲಿಯೂ ಇರತಕ್ಕ ಅನೇಕ ಗ್ರಾಮಗಳಲ್ಲಿ ಅಂತರಜಾಲದ ಸೌಕರ್ಯವು ಇಂದಿಗೂ ಸಮರ್ಪಕವಾಗಿಲ್ಲವೆಂಬುದು ಎಲ್ಲರಿಗೂ ತಿಳಿದ ವಿಷಯವೇ ಆಗಿದೆ. ಪಹಣಿಯ ನಕಲು, ಮಾರುಕಟ್ಟೆಯ ಧಾರಣೆ, ಮಳೆಯ ಮುನ್ಸೂಚನೆ, ಬೆಳೆ ವಿಮೆಯ ಅರ್ಜಿ ಇವೆಲ್ಲವೂ ಈಗ ಅದರ ಮೂಲಕವೇ ನಡೆಯುತ್ತಿರುವುದರಿಂದ, ಅದಿಲ್ಲದ ಊರಿನವರು ಅರ್ಧ ದಿನದ ಕೂಲಿಯನ್ನು ಕಳೆದುಕೊಂಡು ಹೋಬಳಿಯ ಊರಿಗೆ ಹೋಗಿಬರಬೇಕಾಗಿದೆ. ಮನೆಗಳು ವಿರಳವಾಗಿರುವ ಕಡೆಗೆ ತಂತಿಯನ್ನು ಎಳೆಯುವುದು ದೊಡ್ಡ ಕಂಪೆನಿಗಳಿಗೆ ಲಾಭಕರವಲ್ಲ. ಆದುದರಿಂದ ಊರಿನ ತರುಣರು ಒಬ್ಬಿಬ್ಬರು ಕೂಡಿ, ಪಟ್ಟಣದಿಂದ ಒಂದು ದೊಡ್ಡ ಸಂಪರ್ಕವನ್ನು ಪಡೆದು, ಅದನ್ನು ರೇಡಿಯೋ ಅಲೆಗಳ ಮೂಲಕ ಮನೆಮನೆಗೂ ಹಂಚುವ ಉದ್ಯಮವನ್ನು ಕೈಕೊಳ್ಳುವುದುಂಟು. ಇಂಥವರು ಗ್ರಾಮದ ಮುಖ್ಯಸ್ಥರ ಬಳಿಗೂ ಜಮೀನುದಾರರ ಬಳಿಗೂ ಬಂದು ಸಾಲ, ಜಾಮೀನು, ಕಂಬ ನೆಡುವುದಕ್ಕೆ ಸ್ಥಳ, ಈ ಮೂರರಲ್ಲಿ ಯಾವುದಾದರೊಂದನ್ನು ಕೇಳುತ್ತಾರೆ. ಆಗ ಅವರನ್ನು ಯಾವ ಪ್ರಶ್ನೆಗಳನ್ನು ಕೇಳತಕ್ಕದ್ದು, ಯಾವ ಉತ್ತರ ಬಂದರೆ ಹಣ ಕೊಡತಕ್ಕದ್ದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲನೆಯದಾಗಿ ಈ ಏರ್ಪಾಡು ಹೇಗೆ ನಡೆಯುತ್ತದೆಂಬುದನ್ನು ತಿಳಿಯಬೇಕು. ಇದು ಕೆರೆಯ ನೀರಾವರಿಯನ್ನು ಬಹುಮಟ್ಟಿಗೆ ಹೋಲುತ್ತದೆ. ಪಟ್ಟಣದಲ್ಲಿ ಪರವಾನಗಿ ಪಡೆದ ಸಂಸ್ಥೆಯ ಸಂಪರ್ಕವೇ ತೂಬು. ಅಲ್ಲಿಂದ ಊರಿನ ಎತ್ತರದ ಸ್ಥಳಕ್ಕೆ ಎದುರುಬದುರಾಗಿ ನಿಲ್ಲಿಸಿದ ಎರಡು ರೇಡಿಯೋ ಯಂತ್ರಗಳ ನಡುವಣ ಹಾದಿಯೇ ಮುಖ್ಯ ಕಾಲುವೆ. ಆ ಎತ್ತರದಿಂದ ಮನೆಗಳ ಮಾಳಿಗೆಯ ಮೇಲಣ ಚಿಕ್ಕ ಯಂತ್ರಗಳಿಗೆ ಹೋಗುವವು ಕಿರುಗಾಲುವೆಗಳು. ತೂಬಿನಲ್ಲಿ ಬಿಟ್ಟಷ್ಟೇ ಗದ್ದೆಗೆ ಬರುವುದು. ನೂರು ಮನೆಯವರು ಒಂದೇ ಕ್ಷಣದಲ್ಲಿ ಪೂರ್ತಿಯಾಗಿ ಸೆಳೆಯುವುದಿಲ್ಲವಾದರೂ, ಸಂಜೆ ಏಳರಿಂದ ಹತ್ತು ಗಂಟೆಯವರೆಗೆ ಬೇಡಿಕೆಯು ತೀವ್ರವಾಗಿರುತ್ತದೆ. ಆ ವೇಳೆಗೆ ಮನೆಯೊಂದಕ್ಕೆ ಸರಾಸರಿ ಸೆಕೆಂಡಿಗೆ 2 ರಿಂದ 3 ಮೆಗಾಬಿಟ್ಟುಗಳಂತೆ ಲೆಕ್ಕ ಹಿಡಿದು ತೂಬಿನ ಗಾತ್ರವನ್ನು ಗೊತ್ತುಮಾಡಿದರೆ ದೂರುಗಳು ಕಡಮೆಯಾಗುತ್ತವೆ. ಅದಕ್ಕಿಂತ ಕಡಮೆಯಲ್ಲಿ ನಡೆಸುವೆವೆನ್ನುವವರು ಬಾಲಗದ್ದೆಗೆ ನೀರಿಲ್ಲದ ಕಾಲುವೆಯನ್ನು ತೋಡುತ್ತಿದ್ದಾರೆಂದು ತಿಳಿಯತಕ್ಕದ್ದು.

ಈ ಅಲೆಗಳಿಗೆ ಕಣ್ಣಿಗೆ ಕಾಣುವ ನೇರ ಹಾದಿ ಬೇಕು. ಗುಡ್ಡವನ್ನಾಗಲಿ ದಟ್ಟವಾದ ಎಲೆಗಳನ್ನಾಗಲಿ ಅವು ದಾಟಲಾರವು; ಮಳೆಯಿಂದ ತೊಯ್ದ ಎಲೆಗಳು ಒಣ ಎಲೆಗಳಿಗಿಂತಲೂ ಹೆಚ್ಚಾಗಿ ತಡೆಯುತ್ತವೆ. ಎರಡು ಕಂಬಗಳ ತುದಿಗಳು ಒಂದಕ್ಕೊಂದು ಕಾಣಿಸಿದ ಮಾತ್ರಕ್ಕೆ ಸಾಲದು. ಅಲೆಯು ದಾರದಂತೆ ಹೋಗದೆ, ನೂಲು ಸುತ್ತಿದ ಕದಿರಿನಂತೆ ನಡುವೆ ಉಬ್ಬಿಕೊಂಡು ಹೋಗುತ್ತದೆ. 5.8 ಗಿಗಾಹರ್ಟ್ಸ್ ಅಲೆಗೆ 5 ಕಿಲೋಮೀಟರ್ ದೂರದಲ್ಲಿ ಈ ಉಬ್ಬಿನ ತ್ರಿಜ್ಯವು ನಡುಭಾಗದಲ್ಲಿ ಸುಮಾರು 8 ಮೀಟರ್, 10 ಕಿಲೋಮೀಟರಿಗೆ ಸುಮಾರು 11 ಮೀಟರ್ ಆಗುತ್ತದೆ. ಇದರಲ್ಲಿ ನೂರಕ್ಕೆ 60 ಪಾಲಾದರೂ ಬಿಡುವಾಗಿರಬೇಕು. ಎಂದರೆ 5 ಕಿಲೋಮೀಟರಿನ ಹಾದಿಯ ಮಧ್ಯದಲ್ಲಿ ಮರದ ತುದಿಗೂ ದೃಷ್ಟಿರೇಖೆಗೂ ನಡುವೆ ಸುಮಾರು 5 ಮೀಟರ್ ಅಂತರವಿರಬೇಕು. ಬೇಸಗೆಯಲ್ಲಿ ಎಲೆಯುದುರಿದಾಗ ಪರೀಕ್ಷೆ ಮಾಡಿ, ಚೆನ್ನಾಗಿ ನಡೆಯುತ್ತದೆಂದು ಕಂಬ ನೆಟ್ಟವರು ಆಷಾಢದಲ್ಲಿ ತಲೆಯ ಮೇಲೆ ಕೈಹೊತ್ತು ಕುಳಿತಿರುವುದುಂಟು. ಪರೀಕ್ಷೆಯನ್ನು ಮಳೆಗಾಲದ ಕೊನೆಯಲ್ಲಿ ಮಾಡುವುದೇ ಉತ್ತಮ. ಅಡಕೆ ತೆಂಗಿನ ತೋಟಗಳ ಮೇಲೆ ಹಾದುಹೋಗುವ ಹಾದಿಯಾದರೆ, ಇಂದು ಎಳೆಯದಾಗಿರುವ ತೋಟವು ಐದು ವರ್ಷಗಳಲ್ಲಿ ಎಷ್ಟು ಎತ್ತರಕ್ಕೆ ಬರುವುದೆಂಬುದನ್ನು ತೋಟದ ಯಜಮಾನರಿಂದಲೇ ಕೇಳಿ ತಿಳಿಯಬೇಕು. ಈ ವಿಷಯದಲ್ಲಿ ಯಂತ್ರ ಮಾರುವವರಿಗಿಂತ ರೈತರಿಗೆ ಹೆಚ್ಚು ತಿಳಿದಿರುತ್ತದೆ.

ಇನ್ನು ಕಾನೂನಿನ ಸಂಗತಿ. 2.4 ಗಿಗಾಹರ್ಟ್ಸಿನ ಅಲೆಗಳನ್ನು 2005ರಲ್ಲಿಯೂ, 5 ಗಿಗಾಹರ್ಟ್ಸಿನ ವಿಸ್ತಾರವಾದ ಭಾಗವನ್ನು 2018ರಲ್ಲಿಯೂ ಭಾರತ ಸರ್ಕಾರದವರು ನಿಗದಿಯಾದ ಶಕ್ತಿಯ ಮಿತಿಯೊಳಗೆ ಪರವಾನಗಿಯಿಲ್ಲದೆ ಬಳಸಲು ಅನುಮತಿಸಿರುತ್ತಾರೆ. ಇದನ್ನು ಕೇಳಿ ಅನೇಕರು ಅಂತರಜಾಲವನ್ನು ಮಾರುವುದಕ್ಕೂ ಪರವಾನಗಿ ಬೇಡವೆಂದು ಭಾವಿಸುತ್ತಾರೆ. ಇದು ತಪ್ಪು ಗ್ರಹಿಕೆ. ಅಲೆಯನ್ನು ಬಳಸುವ ಸ್ವಾತಂತ್ರ್ಯ ಬೇರೆ, ಸಾರ್ವಜನಿಕರಿಗೆ ಸೇವೆಯನ್ನು ಮಾರುವ ಅಧಿಕಾರ ಬೇರೆ. ತನ್ನ ಮನೆಗೆಂದು ಪಡೆದ ಸಂಪರ್ಕವನ್ನು ನೆರೆಯವರಿಗೆ ಹಂಚಿ ಹಣ ಪಡೆಯುವುದು ಸಲ್ಲದು. 2023ರ ದೂರಸಂಪರ್ಕ ಅಧಿನಿಯಮದಲ್ಲಿ ಅನಧಿಕೃತ ಸೇವೆಗೆ ಮೂರು ವರ್ಷಗಳವರೆಗೆ ಸೆರೆವಾಸ ಅಥವಾ ಎರಡು ಕೋಟಿ ರೂಪಾಯಿಗಳವರೆಗೆ ದಂಡ, ಇಲ್ಲವೆ ಎರಡನ್ನೂ ವಿಧಿಸಬಹುದೆಂದು ಹೇಳಿದೆ.

ಅಧಿಕೃತವಾಗಿ ನಡೆಸಲು ಹಾದಿಗಳುಂಟು. ಸ್ವಂತ ಕಂಪೆನಿಯನ್ನು ನೋಂದಾಯಿಸಿ ದೂರಸಂಪರ್ಕ ಇಲಾಖೆಯಿಂದ ಅಧಿಕಾರಪತ್ರ ಪಡೆಯುವುದು ಒಂದು. ಇದರಲ್ಲಿ ಲೆಕ್ಕಪತ್ರ, ವರದಿ, ಶುಲ್ಕಗಳ ಹೊರೆ ಹೆಚ್ಚು. ಈಗಾಗಲೇ ಅಧಿಕಾರಪತ್ರವುಳ್ಳ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡು, ಅದರ ಹೆಸರಿನಲ್ಲಿಯೇ ಬಿಲ್ಲು ಕೊಟ್ಟು, ವಸೂಲಾದ ಹಣದಲ್ಲಿ ಪಾಲು ಪಡೆಯುವುದು ಇನ್ನೊಂದು. 2020ರ ಡಿಸೆಂಬರಿನಲ್ಲಿ ಕೇಂದ್ರ ಮಂತ್ರಿಮಂಡಲವು ಒಪ್ಪಿದ ಪಿಎಂ-ವಾಣಿ ಯೋಜನೆಯಂತೆ ಅಂಗಡಿಯಲ್ಲಿಯೋ ಸಹಕಾರ ಸಂಘದಲ್ಲಿಯೋ ಸಾರ್ವಜನಿಕ ವೈಫೈ ಕೇಂದ್ರವನ್ನು ಪರವಾನಗಿ ಶುಲ್ಕವಿಲ್ಲದೆ ತೆರೆಯುವುದು ಮತ್ತೊಂದು. ಹಿಂದೆ ಹಳದಿ ಫಲಕದ ಎಸ್‌ಟಿಡಿ ಬೂತುಗಳು ಊರೂರಲ್ಲಿ ಹಬ್ಬಿದ ರೀತಿಯಲ್ಲಿಯೇ ಇದನ್ನು ಹಬ್ಬಿಸುವ ಉದ್ದೇಶವಿದೆ. ಆದರೆ ಇದು ಕೇಂದ್ರದ ಸುತ್ತಮುತ್ತ ಬಂದು ಬಳಸುವವರಿಗಾಗಿಯೇ ಹೊರತು, ತೋಟದ ಮನೆಗಳಿಗೆ ಸಂಪರ್ಕ ಕೊಡುವುದಕ್ಕಲ್ಲ. ಹೊಸಬರಿಗೆ ಮೊದಲೆರಡು ವರ್ಷಗಳು ಎರಡನೆಯ ಹಾದಿಯೇ ಕ್ಷೇಮಕರವೆನ್ನಬಹುದು.

ಈಗ ಹಣದ ಮಾತು. ಕೆಳಗಿನದು ಉದಾಹರಣೆಗಾಗಿ ಕಲ್ಪಿಸಿದ ಲೆಕ್ಕ. ಅಂಕಿಗಳು ಊರಿಂದೂರಿಗೆ ಬದಲಾದರೂ ಲೆಕ್ಕದ ಕ್ರಮವು ಬದಲಾಗದು. ಕಂಬ, ಮುಖ್ಯ ಕಾಲುವೆಯ ಯಂತ್ರಗಳು, ಹಂಚುವ ಯಂತ್ರಗಳು, ಬ್ಯಾಟರಿ, ಸಿಡಿಲಿನ ರಕ್ಷಣೆ ಇವಕ್ಕೆ 2,50,000 ರೂಪಾಯಿ, ಮನೆಯೊಂದಕ್ಕೆ ಯಂತ್ರ ಮತ್ತು ಜೋಡಣೆಗೆ 4,000 ರೂಪಾಯಿ ಎಂದಿಟ್ಟುಕೊಳ್ಳೋಣ. 80 ಮನೆಗಳು ಸೇರಿದರೆ ಒಟ್ಟು ಬಂಡವಾಳ 5,70,000. ಮನೆಗೆ ತಿಂಗಳಿಗೆ ತೆರಿಗೆಯ ಹೊರತು 400 ರೂಪಾಯಿಯಂತೆ ಬರುವ ಉತ್ಪನ್ನ 32,000. ಸಂಪರ್ಕದ ಬಾಬ್ತು 12,000, ಕೆಲಸಗಾರನ ಸಂಬಳ 12,000, ವಿದ್ಯುತ್ತು ಮತ್ತು ಸ್ಥಳದ ಬಾಡಿಗೆ 3,000, ಹೀಗೆ 27,000 ಖರ್ಚಾಗಿ 5,000 ಉಳಿಯುವಂತೆ ತೋರುತ್ತದೆ. ತರುಣರು ತಂದು ತೋರಿಸುವ ಲೆಕ್ಕವು ಸಾಧಾರಣವಾಗಿ ಇಲ್ಲಿಗೇ ನಿಲ್ಲುತ್ತದೆ.

ಆದರೆ ಬಿಸಿಲು, ಮಳೆ, ಸಿಡಿಲುಗಳಿಂದಲೂ ಹೊಸ ಮಾದರಿಗಳು ಬರುವುದರಿಂದಲೂ ಈ ಯಂತ್ರಗಳಿಗೆ ಐದು ವರ್ಷಕ್ಕಿಂತ ಹೆಚ್ಚಿನ ಆಯುಸ್ಸನ್ನು ನೆಚ್ಚುವಂತಿಲ್ಲ. 5,70,000 ರೂಪಾಯಿಗಳನ್ನು 60 ತಿಂಗಳಿಗೆ ಹಂಚಿದರೆ ತಿಂಗಳಿಗೆ 9,500 ಸವಕಲು ಬೀಳುತ್ತದೆ. ಎಂದರೆ 5,000 ಲಾಭವೆಂದು ಕಂಡದ್ದು ನಿಜವಾಗಿ 4,500 ನಷ್ಟ. ಎತ್ತುಗಳಿಗೆ ವಯಸ್ಸಾಗುವುದನ್ನು ಲೆಕ್ಕಕ್ಕೆ ಹಿಡಿಯದೆ ಗಾಡಿಯ ಬಾಡಿಗೆಯನ್ನೆಲ್ಲಾ ಉಂಡವನ ಸ್ಥಿತಿಯೇ ಇವರದೂ ಆಗುತ್ತದೆ. ಮೂರನೆಯ ವರ್ಷದಲ್ಲಿ ಯಂತ್ರಗಳು ಒಂದೊಂದಾಗಿ ಕೆಡಲು ಮೊದಲಾದಾಗ ಹೊಸದನ್ನು ಕೊಳ್ಳಲು ಹಣವಿರುವುದಿಲ್ಲ. ಸೇವೆ ಕೆಟ್ಟು ಮನೆಗಳು ಬಿಟ್ಟುಹೋಗುತ್ತವೆ. ಜಾಮೀನು ನಿಂತವರ ಮನೆಗೆ ಬ್ಯಾಂಕಿನ ನೋಟೀಸು ಬರುತ್ತದೆ.

ಮನೆಗಳು 120 ಆದರೆ ಉತ್ಪನ್ನವು 48,000. ಸಂಪರ್ಕದ ಬಾಬ್ತು 15,000ಕ್ಕೆ ಏರಿ ಖರ್ಚು 30,000, ಉಳಿಕೆ 18,000. ಬಂಡವಾಳ 7,30,000 ಆಗುವುದರಿಂದ ಸವಕಲು ಸುಮಾರು 12,200; ಉಳಿಯುವುದು 5,800. ಐದು ಲಕ್ಷ ಸಾಲಕ್ಕೆ ನೂರಕ್ಕೆ 11ರಂತೆ ಮೊದಲ ವರ್ಷದ ಬಡ್ಡಿ ತಿಂಗಳಿಗೆ ಸುಮಾರು 4,600. ಈ ಊರಿನಲ್ಲಿ 120 ಮನೆಗಳೇ ತಕ್ಕಡಿಯು ಸಮವಾಗುವ ಸ್ಥಾನವೆಂದಾಯಿತು. ಹಾಗಾದರೆ 120 ಮನೆಗಳು ನಿಶ್ಚಯವಾಗಿ ಸೇರುವುವೇ? ಬಾಯಿಮಾತಿನ ಒಪ್ಪಿಗೆಯನ್ನು ಇಲ್ಲಿ ನೆಚ್ಚಬಾರದು. ಕಂಬ ನೆಡುವುದಕ್ಕೆ ಮುಂಚೆಯೇ ಮನೆಯೊಂದಕ್ಕೆ 2,000 ರೂಪಾಯಿಗಳನ್ನು ಜೋಡಣೆಯ ಬಾಬ್ತು ಮುಂಗಡವಾಗಿ ಪಡೆದು ಬ್ಯಾಂಕಿನಲ್ಲಿಡಬೇಕು. ಗೊತ್ತಾದ ಸಂಖ್ಯೆ ಕೂಡದಿದ್ದರೆ ಹಣವನ್ನು ಹಿಂದಿರುಗಿಸಿ ಯೋಜನೆಯನ್ನೇ ಕೈಬಿಡಬೇಕು. ಸಂಖ್ಯೆ ಕೂಡಿದರೆ 2,40,000 ರೂಪಾಯಿ ಸಾಲವಿಲ್ಲದೆಯೇ ಒದಗಿದಂತಾಗುತ್ತದೆ.

ಉಳಿದ ಹಣಕ್ಕೆ ಮುದ್ರಾ ಯೋಜನೆಯ ಸಾಲವನ್ನು ಕೇಳಬಹುದು. ಇದರಲ್ಲಿ ಕಿಶೋರ ವರ್ಗದಲ್ಲಿ 5 ಲಕ್ಷದವರೆಗೂ, ತರುಣ ವರ್ಗದಲ್ಲಿ 10 ಲಕ್ಷದವರೆಗೂ ಆಸ್ತಿಯ ಅಡಮಾನವಿಲ್ಲದೆ ದೊರೆಯುತ್ತದೆ. ಜಮೀನನ್ನು ಅಡವಿಟ್ಟು ಈ ಉದ್ಯಮಕ್ಕೆ ಸಾಲ ತೆಗೆಯುವುದು ಎಷ್ಟುಮಾತ್ರಕ್ಕೂ ಸಲ್ಲದು; ಹಳೆಯ ರೇಡಿಯೋ ಯಂತ್ರಗಳನ್ನು ಮಾರಿದರೆ ಕೊಂಡ ಬೆಲೆಯ ಅಲ್ಪಭಾಗವೂ ಬಾರದು. ಸಹಾಯ ಮಾಡಬೇಕೆನ್ನುವ ಜಮೀನುದಾರರು ಕೈಸಾಲ ಕೊಡುವುದಕ್ಕಿಂತ ಹತ್ತಾರು ಜನ ಸೇರಿ ಷೇರು ಹಾಕುವುದು ಲೇಸು. ಗದಗಿನ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಸಹಕಾರ ಸಂಘವು ಹುಟ್ಟಿದ್ದು ಇಂಥ ಕೂಡುಹಣದಿಂದಲೇ.

ಸ್ಪೇನ್ ದೇಶದ ಕತಲೋನಿಯಾ ಪ್ರಾಂತದ ಒಸೋನಾ ಎಂಬ ಗ್ರಾಮೀಣ ಸೀಮೆಯಲ್ಲಿ 2004ರಲ್ಲಿ ಕಂಪೆನಿಗಳು ಸಂಪರ್ಕ ಕೊಡದಿದ್ದ ಹಳ್ಳಿಗಳವರು ತಾವೇ ನಿಸ್ತಂತು ಯಂತ್ರಗಳನ್ನು ನಿಲ್ಲಿಸಿಕೊಂಡು ಗೀಫಿ ಡಾಟ್ ನೆಟ್ ಎಂಬ ಜಾಲವನ್ನು ಆರಂಭಿಸಿದರು. ಪ್ರತಿಯೊಬ್ಬರೂ ತಮ್ಮ ಯಂತ್ರಕ್ಕೆ ತಾವೇ ಒಡೆಯರು. ಆದರೆ ಇತರರ ಸಂದೇಶಗಳು ಅದರ ಮೂಲಕ ಹಾದುಹೋಗಲು ಬಿಡಬೇಕು. ಆ ಜಾಲದ ಮೇಲೆ ವ್ಯಾಪಾರ ನಡೆಸುವ ಸಂಸ್ಥೆಗಳು ತಾವು ಬಳಸಿದ ಪ್ರಮಾಣಕ್ಕೆ ತಕ್ಕಂತೆ ದುರಸ್ತಿಯ ಖರ್ಚನ್ನು ಹೊರುತ್ತವೆ. ನಮ್ಮ ಕಾಲುವೆಗಳ ಹೂಳೆತ್ತುವ ಸರದಿಯ ಪದ್ಧತಿಯನ್ನು ಕಂಡವರಿಗೆ ಇದು ಹೊಸದಾಗಿ ತೋರದು. ಆ ಜಾಲದ ಕೇಂದ್ರಗಳು ಮುಂದೆ ಮೂವತ್ತು ಸಾವಿರವನ್ನು ಮೀರಿದವು.

ನಡೆಸಿಕೊಂಡು ಹೋಗುವ ವಿಷಯದಲ್ಲಿ ಮುಖ್ಯವಾದುದು ವಸೂಲಿ. ತಿಂಗಳ ಹಣವನ್ನು ಮುಂಗಡವಾಗಿಯೇ ಪಡೆಯಬೇಕು. ಬಂಧುಗಳೆಂದೂ ಮುಖಂಡರೆಂದೂ ಯಾರಿಗೂ ಬಾಕಿ ಬಿಡಬಾರದು. ಊರಿನ ಮುಖ್ಯಸ್ಥರೇ ಮೊದಲು ಕೊಟ್ಟರೆ ಉಳಿದವರಿಂದ ವಸೂಲಿಯು ಸುಲಭವಾಗುತ್ತದೆ. ರೈತರ ಕೈಯಲ್ಲಿ ಹಣವಾಡುವುದು ಫಸಲು ಮಾರಿದ ಮೇಲೆ. ಆದುದರಿಂದ ಹತ್ತು ತಿಂಗಳ ಹಣಕ್ಕೆ ವರ್ಷಪೂರ್ತಿ ಸೇವೆಯೆಂಬ ಏರ್ಪಾಡು ಇಬ್ಬರಿಗೂ ಅನುಕೂಲ. ಆದರೆ ಹಾಗೆ ಬಂದ ಹಣವು ಹನ್ನೆರಡು ತಿಂಗಳಿಗೆ ಸೇರಿದ್ದೆಂಬುದನ್ನು ಮರೆತು ಮೊದಲ ತಿಂಗಳಲ್ಲಿಯೇ ಕೈಖರ್ಚು ಮಾಡಿದವರು ಚೇತರಿಸಿಕೊಳ್ಳುವುದು ಕಷ್ಟ.

ವಿದ್ಯುತ್ತು ನಿಂತೊಡನೆ ಸಂಪರ್ಕವೂ ನಿಂತರೆ ಜನರ ನಂಬಿಕೆ ಹೋಗುತ್ತದೆ. ಕಂಬದ ಮೇಲಿನ ಯಂತ್ರಗಳು ಒಟ್ಟು 40 ವಾಟ್ ಸೆಳೆಯುವುವಾದರೆ, 12 ವೋಲ್ಟಿನ 100 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯನ್ನು ಅರ್ಧದಷ್ಟು ಮಾತ್ರ ಬಳಸಿದರೂ ಸುಮಾರು 15 ಗಂಟೆ ನಡೆಯುತ್ತದೆ. ಮುಖ್ಯ ಯಂತ್ರಗಳ ಒಂದೊಂದು ಜೊತೆಯನ್ನು ಮನೆಯಲ್ಲಿ ಮೀಸಲಾಗಿಟ್ಟಿರಬೇಕು, ಕಂಬ ಹತ್ತಬಲ್ಲವರು ಇಬ್ಬರಾದರೂ ಇರಬೇಕು. ಒಬ್ಬನೇ ಇದ್ದು ಅವನು ಮದುವೆಗೆ ಹೋದರೆ ಊರೆಲ್ಲಾ ಕತ್ತಲೆ. 2022ರ ಏಪ್ರಿಲಿನ ಸರ್ಕಾರದ ನಿರ್ದೇಶನದಂತೆ ಬಳಕೆಯ ದಾಖಲೆಗಳನ್ನು 180 ದಿವಸ ಕಾಪಾಡತಕ್ಕದ್ದು. ಇದು ಯಾರ ಹೊಣೆಯೆಂಬುದು ಒಪ್ಪಂದದಲ್ಲಿ ಸ್ಪಷ್ಟವಾಗಿರಬೇಕು.

ದೊಡ್ಡ ಕಂಪೆನಿಯು ಊರಿಗೆ ಬಂದರೇನು ಗತಿಯೆಂಬ ಪ್ರಶ್ನೆ ಉಳಿಯುತ್ತದೆ. 2023ರಿಂದೀಚೆಗೆ ಮೊಬೈಲ್ ಕಂಪೆನಿಗಳೇ ಐದನೆಯ ತಲೆಮಾರಿನ ಅಲೆಗಳ ಮೂಲಕ ಮನೆಗಳಿಗೆ ಸಂಪರ್ಕ ಕೊಡಲಾರಂಭಿಸಿವೆ. ಭಾರತ್‌ನೆಟ್ ತಂತಿಯೂ ಗ್ರಾಮ ಪಂಚಾಯತಿಗಳನ್ನು ಮುಟ್ಟುತ್ತಿದೆ. ದರದಲ್ಲಿ ಅವರೊಡನೆ ಸ್ಪರ್ಧಿಸುವುದು ವ್ಯರ್ಥ. ಕರೆದ ದಿನವೇ ಬಂದು ದುರಸ್ತಿ ಮಾಡುವುದೊಂದೇ ಸಣ್ಣವನ ಬಲ. ಎರಡು ವರ್ಷಗಳೊಳಗೆ ಅಂಥ ಸಂಪರ್ಕವು ಬರುವ ಸೂಚನೆಯಿರುವ ಊರಿನಲ್ಲಿ ಐದು ವರ್ಷದ ಸಾಲ ಮಾಡಿಸಬಾರದು.

ಕಂಬಕ್ಕೆ ಸ್ಥಳ ಕೊಡುವ ಜಮೀನುದಾರರು ಬಾಡಿಗೆಯ ಕರಾರನ್ನು ಬರೆಯಿಸಿಕೊಳ್ಳತಕ್ಕದ್ದು. ಒಂದು ವರ್ಷಕ್ಕೆ ಮೀರಿದ ಅವಧಿಯಾದರೆ ಅದನ್ನು ನೋಂದಾಯಿಸಲೇಬೇಕು. ಪಂಚಾಯತಿಯ ನೀರಿನ ಟ್ಯಾಂಕಿನ ಮೇಲೆ ಕಟ್ಟುವುದಾದರೆ ಪಂಚಾಯತಿಯ ಲಿಖಿತ ಅನುಮತಿ ಬೇಕು. ಉದ್ಯಮವು ನಿಂತುಹೋದರೆ ಕಂಬವನ್ನು ಯಾರು, ಎಷ್ಟು ದಿನಗಳಲ್ಲಿ ತೆಗೆಯತಕ್ಕದ್ದು, ಸಿಡಿಲಿನಿಂದ ಮನೆಗಾಗಲಿ ದನಕರುಗಳಿಗಾಗಲಿ ಹಾನಿಯಾದರೆ ಹೊಣೆ ಯಾರದು, ಹಾದಿಗೆ ಅಡ್ಡವಾದ ಮರವನ್ನು ಸವರಬೇಕಾದರೆ ಪರಿಹಾರವೆಷ್ಟು ಎಂಬಿವೆಲ್ಲವೂ ಕರಾರಿನಲ್ಲಿರಬೇಕು. ಕಂಬದಿಂದ ಭೂಮಿಗೆ ಇಳಿಸಿದ ತಾಮ್ರದ ಪಟ್ಟಿಯ ಸುತ್ತಮುತ್ತ ಹುಲ್ಲಿನ ಬಣವೆ ಹಾಕುವುದನ್ನೂ ಗುಡುಗು ಮಳೆಯಲ್ಲಿ ದನ ಕಟ್ಟುವುದನ್ನೂ ಜಮೀನಿನ ಆಳುಗಳಿಗೆ ಮೊದಲೇ ಹೇಳಿ ನಿಲ್ಲಿಸತಕ್ಕದ್ದು.